ದೆವ್ವ ಯಾರದು, ದುಡ್ಡು ಯಾರದು?

ಅಮೆರಿಕದ ದಕ್ಷಿಣ ಸೀಮೆಯ ಹಳೆಯ ಪಟ್ಟಣಗಳಲ್ಲಿ ಒಂದು ಕಸುಬು ಇದೆ. ಹೊತ್ತು ಮುಳುಗಿದ ಮೇಲೆ ಹತ್ತಿಪ್ಪತ್ತು ಜನ ಪ್ರವಾಸಿಗಳನ್ನು ಗುಂಪು ಕಟ್ಟಿಕೊಂಡು, ಬೀದಿ ಬೀದಿ ನಡೆಸಿ, ಒಂದೊಂದು ಮನೆಯ ಮುಂದೆ ನಿಲ್ಲಿಸಿ, ಆ ಮನೆಯಲ್ಲಿರುವ ದೆವ್ವದ ಕಥೆ ಹೇಳುವುದು. ತಲೆಗಿಷ್ಟು ಅಂತ ಟಿಕೇಟು. ಒಂದೂವರೆ ಎರಡು ಗಂಟೆಯ ನಡಿಗೆ. ಕೊನೆಗೆ ಗೈಡು ಟೋಪಿ ಚಾಚಿದರೆ ಭಕ್ಷೀಸು. ನ್ಯೂ ಆರ್ಲಿಯನ್ಸ್, ಸವಾನಾ, ಚಾರ್ಲ್ಸ್‌ಟನ್ ಮುಂತಾದ ಊರುಗಳಲ್ಲಿ ಇದು ಸಣ್ಣಪುಟ್ಟ ವ್ಯಾಪಾರವಲ್ಲ, ಊರಿನ ಪ್ರವಾಸೋದ್ಯಮದ ಒಂದು ಕಂಬ.

ಇದನ್ನು ನಮ್ಮ ಪತ್ರಿಕೆಯಲ್ಲಿ ಯಾಕೆ ಎತ್ತಬೇಕು ಅಂತ ಕೆಲವು ಗೆಳೆಯರು ಕೇಳಬಹುದು. ಎತ್ತಬೇಕು, ಯಾಕೆಂದರೆ ಇದೂ ಸಾಹಿತ್ಯ. ಅಚ್ಚಾದದ್ದು ಮಾತ್ರ ಕೃತಿ ಅನ್ನುವ ಪಂಡಿತರ ಮಾತನ್ನು ನಾವು ಒಪ್ಪಿದವರಲ್ಲ. ನಮ್ಮ ಅಜ್ಜಿಯರು ಅಚ್ಚಿನ ಮುಖ ಕಂಡವರೂ ಅಲ್ಲ. ಒಬ್ಬ ಮನುಷ್ಯ ಬೀದಿಯಲ್ಲಿ ನಿಂತು, ದಿನಾ ರಾತ್ರಿ, ಸತ್ತವರ ಕಥೆಯನ್ನು ಬದುಕಿರುವವರಿಗೆ ಹೇಳುತ್ತಾನೆ ಅಂದಮೇಲೆ ಅದಕ್ಕೆ ನಿರೂಪಕ ಇದ್ದಾನೆ, ಪಾತ್ರ ಇದೆ, ದೃಷ್ಟಿಕೋನ ಇದೆ, ವರ್ಗಹಿತ ಇದೆ. ವಿಮರ್ಶೆ ಅಂದರೆ ಪ್ರತಿಮೆ ಎಣಿಸುವ ಕೆಲಸ ಅಂತ ಕಾಲೇಜಿನಲ್ಲಿ ನಮಗೆ ಕಲಿಸಿದ್ದರು. ಅದನ್ನು ಕಲಿಸಿದವರಿಗೇ ಬಿಟ್ಟುಬಿಡೋಣ. ಈ ಕಥೆಯಲ್ಲಿ ಸತ್ತವರು ಯಾರು, ಹೇಳುವವರು ಯಾರು, ಹೇಳುವಾಗ ಏನನ್ನು ನುಂಗುತ್ತಾರೆ, ಇಷ್ಟು ನಮಗೆ ಬೇಕು.

ನಾವು ಆ ಊರುಗಳಿಗೆ ಹೋದವರಲ್ಲ. ಪ್ರವಾಸಿಗಳೇ ಮೊಬೈಲಿನಲ್ಲಿ ಹಿಡಿದ ಚಿತ್ರಗಳು, ಪತ್ರಿಕೆಗಳ ಬರಹ, ಮುಖ್ಯವಾಗಿ ಟೀಯಾ ಮೈಲ್ಸ್ ಎಂಬ ಕಪ್ಪು ಇತಿಹಾಸಕಾರ್ತಿ 2015ರಲ್ಲಿ ಪ್ರಕಟಿಸಿದ 'ಟೇಲ್ಸ್ ಫ್ರಮ್ ದಿ ಹಾಂಟೆಡ್ ಸೌತ್' ಎಂಬ ಪುಸ್ತಕ, ಇವೇ ನಮ್ಮ ಆಧಾರ. ಆಕೆ ಸ್ವತಃ ಟಿಕೇಟು ತಗೊಂಡು ಈ ನಡಿಗೆಗಳಲ್ಲಿ ನಡೆದವರು. ಆಮೇಲೆ ಕಡತಗಳ ಕೋಣೆಗೆ ಹೋಗಿ ದೆವ್ವಗಳ ಹೆಸರು ಹುಡುಕಿದವರು.

ಮೊದಲು ನಡಿಗೆಯ ಕಟ್ಟು ನೋಡೋಣ. ಗುಂಪು ಸೇರೋದು ಒಂದು ಅಂಗಡಿ ಅಥವಾ ಹೆಂಡದಂಗಡಿಯ ಮುಂದೆ. ಎದೆಗೆ ಒಂದು ಚೀಟಿ ಅಂಟಿಸುತ್ತಾರೆ, ಬೇರೆ ಗೈಡಿನ ಕುರಿ ನಮ್ಮ ಮಂದೆಗೆ ಸೇರಬಾರದು ಅಂತ. ಗೈಡು ಕರೀ ಕೋಟು ಹಾಕಿರುತ್ತಾನೆ, ಕೆಲವರ ಕೈಯಲ್ಲಿ ಲಾಟೀನು. ಬೀದಿದೀಪ ಇರುವ ಊರಿನಲ್ಲಿ ಲಾಟೀನು ಬೆಳಕಿಗಲ್ಲ, ಕತ್ತಲೆಗೆ. ನ್ಯೂ ಆರ್ಲಿಯನ್ಸ್ ಮತ್ತು ಸವಾನಾದ ಹಳೇ ಪೇಟೆಗಳಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ಮದ್ಯ ಹಿಡಿದು ಬೀದಿಯಲ್ಲಿ ಅಡ್ಡಾಡಲು ಅಡ್ಡಿಯಿಲ್ಲ. ಹಾಗಾಗಿ ಕೇಳುವವರಲ್ಲಿ ಬಹಳ ಜನರ ಕೈಯಲ್ಲಿ ಲೋಟ. ಮನೆಗಳು ಖಾಸಗಿಯವು, ಒಳಗೆ ಬಿಡುವುದಿಲ್ಲ. ಎದುರಿನ ಪಾದಚಾರಿ ದಾರಿಯಲ್ಲಿ ನಿಂತು ಮುಚ್ಚಿದ ಕಿಟಕಿಯತ್ತ ಬೆರಳು ತೋರಿಸಬೇಕು. ಗೈಡಿನ ಕಸುಬೆಲ್ಲ ಇರೋದು ಇಲ್ಲೇ: ಏನೂ ಕಾಣದ ಕಡೆ ಏನೋ ಇದೆ ಅನ್ನಿಸಬೇಕು. ಮೊದಲು ತಮಾಷೆ, ಆಮೇಲೆ ಒಂದು ಇಸವಿ, ಒಂದು ಮನೆತನದ ಹೆಸರು, ದನಿ ತಗ್ಗಿಸಿ ರಕ್ತ, ಕೊನೆಗೆ 'ಮೊನ್ನೆ ಒಬ್ಬ ಹೆಂಗಸು ಇಲ್ಲೇ ಫೋಟೋ ತೆಗೆದಾಗ...' ಅನ್ನುವ ಮಾತು. ಜನ ಕಿಟಕಿಯ ಫೋಟೋ ತೆಗೆಯುತ್ತಾರೆ. ಮುಂದಿನ ಮನೆ.

ಗೈಡನ್ನು ಬಯ್ಯಲು ನಮಗೆ ಮನಸ್ಸಿಲ್ಲ. ಅವನೂ ಗಂಟಲು ಮಾರಿ ಬದುಕುವವನು. ಟಿಕೇಟಿನ ದುಡ್ಡಿನ ದೊಡ್ಡ ಪಾಲು ಕಂಪನಿಗೆ, ಭಕ್ಷೀಸು ಅವನಿಗೆ. ಭಕ್ಷೀಸು ಕೊಡೋದು ಮೈ ಜುಂ ಅಂದವನು, ತಲೆ ತಗ್ಗಿಸಿದವನಲ್ಲ. ನ್ಯೂ ಆರ್ಲಿಯನ್ಸಿನಲ್ಲಿ ಗೈಡಾಗಬೇಕಾದರೆ ನಗರಾಡಳಿತದ ಲೈಸೆನ್ಸು ಬೇಕು, ಊರಿನ ಇತಿಹಾಸದ ಪರೀಕ್ಷೆ ಬರೆದು ಪಾಸಾಗಬೇಕು. ಇದು ನಮ್ಮ ವಾಕ್‌ಸ್ವಾತಂತ್ರ್ಯಕ್ಕೆ ಅಡ್ಡಿ ಅಂತ ಕೆಲವು ಗೈಡುಗಳು ಕೋರ್ಟಿಗೆ ಹೋದರು. 2014ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಲೈಸೆನ್ಸು ಸರಿ ಅಂತ ತೀರ್ಪು ಕೊಟ್ಟಿತು. ಕಾರಣ ಗಮನಿಸಿ: ಲೈಸೆನ್ಸು ಕೇಳುತ್ತಾರೆಯೇ ಹೊರತು ಗೈಡು ಏನು ಹೇಳಬೇಕು ಅಂತ ನಗರಾಡಳಿತ ಕಟ್ಟುಪಾಡು ಮಾಡಿಲ್ಲವಲ್ಲ, ಅಂತ. ಚಾರ್ಲ್ಸ್‌ಟನ್ನಿನಲ್ಲಿ 2018ರಲ್ಲಿ ಕೋರ್ಟು ಇಂಥದೇ ಲೈಸೆನ್ಸನ್ನು ರದ್ದು ಮಾಡಿತು. ಅತ್ತ ತೀರ್ಪಾದರೂ ಇತ್ತ ತೀರ್ಪಾದರೂ ಫಲ ಒಂದೇ, ಇತಿಹಾಸದ ಪರೀಕ್ಷೆ ಪಾಸಾದವನೂ ಪಾಸಾಗದವನೂ ರಾತ್ರಿ ಬೀದಿಯಲ್ಲಿ ತನಗೆ ತೋಚಿದ್ದು ಹೇಳಬಹುದು. ಸರ್ಕಾರ ನಾಲಗೆ ಕಟ್ಟಬೇಕು ಅಂತ ನಾವೇನೂ ಹೇಳುತ್ತಿಲ್ಲ, ನಮಗದರ ರುಚಿ ಗೊತ್ತಿದೆ. ಆದರೆ ಎರಡೂ ಕಡೆ ವಾದ ಹೂಡಿದವರು ಹೇಳುವವನ ಹಕ್ಕನ್ನು ಮಾತ್ರ ತೂಗಿದರು. ಹೇಳಿಸಿಕೊಳ್ಳುವ ಸತ್ತವರಿಗೆ ವಕೀಲರಿರಲಿಲ್ಲ.

ಈಗ ನ್ಯೂ ಆರ್ಲಿಯನ್ಸಿನ ಫ್ರೆಂಚ್ ಕ್ವಾರ್ಟರಿನ ರಾಯಲ್ ಬೀದಿಗೆ ಬರೋಣ. ಅಲ್ಲಿ 1140ನೇ ನಂಬರಿನ ಬೂದು ಬಣ್ಣದ ಮಹಡಿ ಮನೆಯ ಮುಂದೆ ಪ್ರತಿ ರಾತ್ರಿ ಗುಂಪಿನ ಮೇಲೆ ಗುಂಪು ಬಂದು ನಿಲ್ಲುತ್ತದೆ. ಡೆಲ್ಫಿನ್ ಲಾಲೋರಿ ಎಂಬ ಶ್ರೀಮಂತೆ, ಆಕೆಯ ವೈದ್ಯ ಗಂಡ ಇಬ್ಬರೂ ಇದ್ದ ಮನೆ. ಗೈಡುಗಳು ಹೇಳುವುದು ಇದು: ಆ ಹೆಂಗಸು ರಾಕ್ಷಸಿ, ಅಟ್ಟದಲ್ಲಿ ಗುಲಾಮರನ್ನು ಕಟ್ಟಿಹಾಕಿ ಕಣ್ಣು ಕೀಳಿಸಿದಳು, ಕರುಳು ಬಗೆಸಿದಳು, ಎಲುಬು ಮುರಿದು ಬೇರೆ ರೀತಿ ಜೋಡಿಸಿದಳು, ಅವರ ಕೂಗು ಇವತ್ತಿಗೂ ಕೇಳುತ್ತದೆ.

ಕಡತ ಹೇಳುವುದು ಬೇರೆ. 1834ರ ಏಪ್ರಿಲ್ 10ರಂದು ಆ ಮನೆಯ ಅಡುಗೆಮನೆಗೆ ಬೆಂಕಿ ಬಿತ್ತು. ಜನ ಸೇರಿದರು. ಬೀಗ ಹಾಕಿದ ಕೋಣೆಗಳನ್ನು ಒಡೆದು ನೋಡಿದರೆ ಏಳು ಜನ ಗುಲಾಮರು: ಹಸಿವಿನಿಂದ ಒಣಗಿದವರು, ಸರಪಳಿ ಹೊತ್ತವರು, ಮೈತುಂಬ ಗಾಯದವರು. ಮರುದಿನ 'ದಿ ಬೀ' ಎಂಬ ಪತ್ರಿಕೆ ಬರೆಯಿತು. ನ್ಯಾಯಾಧೀಶರೊಬ್ಬರು ತಾವು ಕಂಡದ್ದನ್ನು ಹೇಳಿಕೆ ಕೊಟ್ಟರು. ಅಷ್ಟು ಸಾಲದೇ? ಸಾಲದು, ವ್ಯಾಪಾರಕ್ಕೆ ಸಾಲದು. ಕಿತ್ತ ಕಣ್ಣು, ಬಗೆದ ಕರುಳು ಸೇರಿದ್ದು 1946ರಲ್ಲಿ ಅಚ್ಚಾದ ಒಂದು ದೆವ್ವದ ಕಥೆಗಳ ಪುಸ್ತಕದಲ್ಲಿ, ಬೆಂಕಿ ಬಿದ್ದ ನೂರಹನ್ನೆರಡು ವರ್ಷಕ್ಕೆ. 1998ರಲ್ಲಿ ಇಂಥದೇ ನಡಿಗೆ ನಡೆಸುವವರೊಬ್ಬರು ಪುಸ್ತಕ ಬರೆದು ಮತ್ತಷ್ಟು ಬೆಳೆಸಿದರು. ಗೈಡು ಪುಸ್ತಕ ಓದುತ್ತಾನೆ, ಪುಸ್ತಕ ಬರೆಯುವವರು ಗೈಡಿನ ಬಾಯಿ ಕೇಳುತ್ತಾರೆ. ಗಾಯ ವರ್ಷ ವರ್ಷ ದೊಡ್ಡದಾಗುತ್ತ ಹೋಯಿತು. 2013ರಲ್ಲಿ ಟೀವಿ ಧಾರಾವಾಹಿಯೂ ಬಂತು. ಅಂದಹಾಗೆ ಬೆಂಕಿಯ ನಂತರ ಸಿಟ್ಟಿಗೆದ್ದ ಜನ ಆ ಮನೆಯಲ್ಲಿ ಗೋಡೆ ಬಿಟ್ಟು ಹೆಚ್ಚೇನೂ ಉಳಿಸಲಿಲ್ಲ. ಈಗ ಪ್ರವಾಸಿಗಳು ಫೋಟೋ ತೆಗೆಯುವ ಮನೆ ಆಮೇಲೆ ಬೇರೆಯವರು ಮತ್ತೆ ಕಟ್ಟಿ ಬೆಳೆಸಿದ್ದು.

ಇನ್ನೊಂದು ಸಂಗತಿ ನಮ್ಮ ನಿದ್ದೆ ಕೆಡಿಸಿತು. ಆ ಏಳು ಜನರನ್ನು ಬಿಡಿಸಿ ಊರ ಜೈಲಿಗೆ ಒಯ್ದರು. ಅಲ್ಲಿ ಅವರನ್ನು ನೋಡಲು ಜನ ಬಂದರು. ಎರಡು ದಿನದಲ್ಲಿ ಸುಮಾರು 4,000 ಜನ ಅಂತ ಅದೇ ಪತ್ರಿಕೆ ಬರೆದಿದೆ. ಹಾಗಾದರೆ ಈ ದೆವ್ವದ ನಡಿಗೆ ಶುರುವಾದದ್ದು ಈಚೆಗಲ್ಲ. ಅವರು ಉಸಿರಾಡುತ್ತಿದ್ದಾಗಲೇ ಶುರುವಾಗಿತ್ತು. ಟಿಕೇಟು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಮತ್ತೆ ಬೆಂಕಿಯ ಮಾತು. ಅದು ತಾನಾಗಿ ಬಿದ್ದದ್ದಲ್ಲ. ಒಲೆಯ ಬಳಿ ಕಾಲಿಗೆ ಸರಪಳಿ ಬಿಗಿಸಿಕೊಂಡಿದ್ದ ಅಡುಗೆಯ ಮುದುಕಿ, ಶಿಕ್ಷೆಗೆ ಹೆದರಿ, ಸತ್ತರೂ ಸರಿ ಅಂತ ತಾನೇ ಬೆಂಕಿ ಇಟ್ಟೆ ಅಂತ ಹೇಳಿದಳೆಂಬ ಮಾತು ಉಳಿದುಬಂದಿದೆ. ಇಡೀ ಕಥೆಯಲ್ಲಿ ಏನಾದರೂ ಮಾಡಿದವಳು ಅಂದರೆ ಅವಳು. ಪತ್ರಿಕೆ ಬರೆಯಿತು, ಜಡ್ಜು ಹೇಳಿಕೆ ಕೊಟ್ಟ, ಗುಂಪು ಬಾಗಿಲು ಒಡೆಯಿತು, ಎಲ್ಲವೂ ಅವಳು ಕೊಳ್ಳಿ ಇಟ್ಟ ಮೇಲೆ. ಗೈಡು ಅವಳನ್ನು ಬಿಡುವುದಿಲ್ಲ, ಹೇಳುತ್ತಾನೆ. ಆದರೆ ಒಂದು ವಾಕ್ಯದಲ್ಲಿ ದಾಟಿಬಿಡುತ್ತಾನೆ. ಕಥೆಯ ಕೇಂದ್ರ ಯಜಮಾನಿಯ ಹುಚ್ಚು. ಕೊಳ್ಳಿ ಹಿಡಿದ ಕೈ ಕಥೆಯ ಕೊನೆಗೆ ಬರುವ ಹೊತ್ತಿಗೆ ಅಟ್ಟದ ಮೇಲಿನ ಒಂದು ಕೂಗಾಗಿರುತ್ತದೆ. ನಮ್ಮ ತಕರಾರಿನ ಮುಖ್ಯ ಅಂಶ ಇದು. ಬದುಕಿದ್ದಾಗ ಏನೋ ಮಾಡಿದ ಮನುಷ್ಯರನ್ನು ಸತ್ತ ಮೇಲೆ ಬರೀ ಕೂಗಾಗಿಸುವ ಕೆಲಸವನ್ನು ಈ ನಡಿಗೆಗಳು ಮಾಡುತ್ತಿವೆ. ದೆವ್ವ ಅಂದರೆ ಕೈ ಇಲ್ಲದ್ದು. ಬಾಗಿಲು ಕಿರುಗುಟ್ಟಿಸೀತು, ದೀಪ ಆರಿಸೀತು, ಲೆಕ್ಕ ಕೇಳಲಾರದು.

ರಾಕ್ಷಸಿಯ ಕಥೆಯಿಂದ ಯಾರಿಗೆ ಲಾಭ? ಅವತ್ತು ಬಾಗಿಲು ಒಡೆದು ಪೀಠೋಪಕರಣ ಪುಡಿ ಮಾಡಿದ ಜನರನ್ನು ನೋಡಿ. ಅದು ಗುಲಾಮರನ್ನು ಇಟ್ಟುಕೊಂಡಿದ್ದ ಊರು. ಆ ಸಿಟ್ಟಿನ ಗುಂಪಿನಲ್ಲಿದ್ದ ಎಷ್ಟೋ ಜನ ಸಂಜೆ ಮನೆಗೆ ಹೋಗಿ ಗುಲಾಮಳು ಬಡಿಸಿದ ಊಟ ಉಂಡಿರಬೇಕು. ಒಬ್ಬಳು ಹುಚ್ಚಿಯನ್ನು ಊರಾಚೆ ಓಡಿಸಿದರೆ ಉಳಿದವರೆಲ್ಲ ಒಳ್ಳೆಯ ಯಜಮಾನರು. (ನಮ್ಮ ಊರುಗಳಲ್ಲೂ ಒಬ್ಬ ಕೆಟ್ಟ ಗೌಡ, ಹತ್ತು ಒಳ್ಳೆಯ ಗೌಡರು ಇರುತ್ತಾರೆ. ನಮ್ಮ ತಾತ ಜೀತಕ್ಕಿದ್ದದ್ದು ಒಳ್ಳೆಯ ಗೌಡರ ಮನೆಯಲ್ಲೇ.) ಲಾಲೋರಿ ಗಾಡಿ ಏರಿ ತಪ್ಪಿಸಿಕೊಂಡಳು, ಹಡಗು ಹತ್ತಿದಳು, ಪ್ಯಾರಿಸ್ಸಿನಲ್ಲಿ ಸತ್ತಳು. ಶಿಕ್ಷೆ ಇಲ್ಲ, ವಿಚಾರಣೆ ಇಲ್ಲ.

ಅದೇ ರಾಯಲ್ ಬೀದಿಯಲ್ಲಿ ಕೆಲವು ತಿರುವು ಹಿಂದಕ್ಕೆ ನಡೆದರೆ ಸೇಂಟ್ ಲೂಯಿಸ್ ಬೀದಿಯ ಮೂಲೆ. 1838ರಲ್ಲಿ ಅಲ್ಲಿ ಒಂದು ಭಾರೀ ಹೋಟೆಲು ಎದ್ದಿತು. ಅದರ ಗುಮ್ಮಟದ ಕೆಳಗೆ, ಹಾಡುಹಗಲು, ಮನುಷ್ಯರ ಹರಾಜು ನಡೆಯುತ್ತಿತ್ತು. ಕಾನೂನುಬದ್ಧ. ಹುಚ್ಚರಲ್ಲ, ಕೋಟು ತೊಟ್ಟ ವರ್ತಕರು. 1804ರಿಂದ 1862ರವರೆಗೆ ಆ ಒಂದು ಊರಿನಲ್ಲಿ ಮಾರಾಟವಾದವರು ಅಂದಾಜು 1,35,000 ಜನ. 1811ರಲ್ಲಿ ಊರಿನಾಚೆಯ ಕಬ್ಬಿನ ತೋಟಗಳ ಗುಲಾಮರು ಚಾರ್ಲ್ಸ್ ಡೆಸ್ಲಾಂಡ್ಸ್ ಎಂಬುವನ ಮುಂದಾಳತ್ವದಲ್ಲಿ ದಂಗೆ ಎದ್ದು ನ್ಯೂ ಆರ್ಲಿಯನ್ಸಿನ ಕಡೆ ದಂಡು ನಡೆದಾಗ, ದಂಗೆ ಮುರಿದವರು ಸತ್ತವರ ತಲೆ ಕಡಿದು ನದಿಯ ದಂಡೆಯುದ್ದಕ್ಕೂ ಕಂಬಗಳಿಗೆ ಚುಚ್ಚಿದರು. ಭಯ ಬೇಕಿದ್ದರೆ ಅಲ್ಲಿದೆ ಭಯ. ಆದರೆ ಹರಾಜಿನ ಗುಮ್ಮಟದ ಕೆಳಗೆ ನಿಂತರೆ ಹೆದರಿಸುವ ರಾಕ್ಷಸಿ ಸಿಗುವುದಿಲ್ಲ; ರಸೀದಿ ಪುಸ್ತಕ ಸಿಗುತ್ತದೆ. ರಸೀದಿಗೆ ಯಾರೂ ಭಕ್ಷೀಸು ಕೊಡುವುದಿಲ್ಲ.

ನಾವು ಆ ರಸೀದಿಗಳ ಕಡೆಗೇ ಹೋಗಬೇಕು. ಯಾಕೆಂದರೆ ಹೆಸರು ಇರೋದು ಅಲ್ಲಿ. 'ಪಾಪ, ಅವರ ಹೆಸರೂ ಉಳಿದಿಲ್ಲ' ಅಂತ ನಿಟ್ಟುಸಿರು ಬಿಡುವ ಗೈಡುಗಳಿದ್ದಾರೆ. ಅದು ನಿಜವಲ್ಲ. ಗ್ವೆಂಡೊಲಿನ್ ಮಿಡ್ಲೊ ಹಾಲ್ ಎಂಬ ಇತಿಹಾಸಕಾರ್ತಿ ಲೂಸಿಯಾನದ ನೋಂದಣಿ ಪತ್ರಗಳನ್ನು ವರ್ಷಗಟ್ಟಲೆ ಕೆದಕಿ ಒಂದು ಲಕ್ಷಕ್ಕೂ ಮೀರಿ ಗುಲಾಮರ ವಿವರ ಪಟ್ಟಿ ಮಾಡಿದರು. ಲಾಲೋರಿಯ ಮನೆಯದ್ದೂ ಸಿಕ್ಕಿದೆ. ಶವಸಂಸ್ಕಾರದ ದಾಖಲೆ ಪುಸ್ತಕದಲ್ಲಿ 1830ರಿಂದ 1834ರ ನಡುವೆ ಆ ಮನೆಯ ಹನ್ನೆರಡು ಗುಲಾಮರ ಸಾವು ನಮೂದಾಗಿದೆ. ಕಾರಣ ಬರೆದಿಲ್ಲ. ಅದರಲ್ಲಿ ಬೊನ್ ಅಂತ ಒಬ್ಬಳು, ಅಡುಗೆ ಮತ್ತು ಬಟ್ಟೆ ಒಗೆಯುವ ಕೆಲಸದವಳು. ಅವಳ ನಾಲ್ಕು ಮಕ್ಕಳು: ಜೂಲಿಯೆಟ್, ಫ್ಲಾರೆನ್ಸ್, ಜೂಲ್, ಲಿಯೊಂಟೀನ್. ತಾಯಿ ಮಕ್ಕಳು ಐದೂ ಜನ ಬೆಂಕಿಗೆ ಮೊದಲೇ ಮಣ್ಣಾದರು.

ಬೊನ್ ಅಂದರೆ ಫ್ರೆಂಚಿನಲ್ಲಿ ಒಳ್ಳೆಯವಳು. ಮನೆಗೆಲಸದ ಆಳು ಹೆಂಗಸಿಗೂ ಅದೇ ಮಾತು. ಅದು ಅವಳ ಅಪ್ಪ ಅಮ್ಮ ಇಟ್ಟ ಹೆಸರೋ, ಯಜಮಾನ ಕೂಗಿದ್ದೇ ಹೆಸರಾಯಿತೋ. ತಿಪ್ಪ, ಕರಿಯ, ಕಾಳಿ ಅಂತ ಹಾಜರಿ ಪುಸ್ತಕದಲ್ಲಿ ಬರೆಸಿಕೊಂಡವರ ಮೊಮ್ಮಕ್ಕಳಿಗೆ ಈ ಅನುಮಾನ ಹೊಸದಲ್ಲ. ಅವಳನ್ನು ಮಾರಿದ ಕ್ರಯಪತ್ರದಲ್ಲಿ ಅವಳ ಬಗ್ಗೆ ಒಂದು ಮಾತಿದೆ: ಇವಳು ಮತ್ತೆ ಮತ್ತೆ ಓಡಿಹೋಗುವವಳು. ಇದನ್ನು ಬರೆದದ್ದು ಸುಮ್ಮನೆ ಅಲ್ಲ. ಲೂಸಿಯಾನದ ಕಾನೂನಿನ ಪ್ರಕಾರ ಗುಲಾಮರನ್ನು ಮಾರುವಾಗ ಅವರ 'ದೋಷ' ಮುಚ್ಚಿಟ್ಟರೆ ಕೊಂಡವನು ಮಾರಾಟ ರದ್ದು ಮಾಡಿಸಬಹುದಿತ್ತು. ಓಡಿಹೋಗುವ ಚಾಳಿ ಅಂಥ ಒಂದು ದೋಷ. ದನದ ಜಾತ್ರೆಯಲ್ಲಿ ಸುಳಿ ನೋಡ್ತಾರಲ್ಲ, ಹಾಯುವ ಎತ್ತು, ಒದೆಯುವ ಹಸು ಅಂತ ಮೊದಲೇ ಹೇಳ್ತಾರಲ್ಲ, ಹಾಗೆ. ಕಾನೂನಿನ ಕಣ್ಣಿಗೆ ದೋಷವಾಗಿ ಕಂಡದ್ದು ಅವಳಿಗೆ ಸ್ವಾತಂತ್ರ್ಯದ ದಾರಿ. ಒಂದು ಸಲ ಅಲ್ಲ, ಮತ್ತೆ ಮತ್ತೆ. ನಾಲ್ಕು ಮಕ್ಕಳ ತಾಯಿ. ಸಿಕ್ಕಿಬಿದ್ದಾಗ ಏನಾಗುತ್ತದೆ ಅಂತ ಗೊತ್ತಿದ್ದೂ ಓಡಿದವಳು. ಕತ್ತಲಲ್ಲಿ ಯಾವ ಬೀದಿ ಹಿಡಿದಳು, ಯಾರು ಬಾಗಿಲು ತೆರೆದರು, ಎಷ್ಟು ದಿನ ತಪ್ಪಿಸಿಕೊಂಡಿದ್ದಳು? ರಾತ್ರಿಯ ಬೀದಿಯಲ್ಲಿ ಜನರನ್ನು ನಡೆಸುವ ಗೈಡಿಗೆ ಇದಕ್ಕಿಂತ ಒಳ್ಳೆಯ ಕಥೆ ಯಾವುದು ಬೇಕು? ಆದರೆ ನಡಿಗೆಗಳಲ್ಲಿ ಹೆಸರು ಪಡೆಯುವ ಗುಲಾಮ ಮಗು ಬೇರೆ. ಚಾಟಿಗೆ ಹೆದರಿ ಮಾಳಿಗೆಯಿಂದ ಬಿದ್ದು ಸತ್ತ ಹುಡುಗಿಯೊಬ್ಬಳ ಸಂಗತಿಯನ್ನು 1838ರಲ್ಲಿ ಹ್ಯಾರಿಯೆಟ್ ಮಾರ್ಟಿನೋ ಎಂಬ ಇಂಗ್ಲಿಷ್ ಲೇಖಕಿ ಬರೆದಿದ್ದಾಳೆ. ಅವಳಿಗೆ ಲಿಯಾ ಅಂತ ಹೆಸರು ಬಂದದ್ದು ಬಹಳ ಕಾಲದ ಮೇಲಿನ ಹೇಳಿಕೆಗಳಲ್ಲಿ. ಕಡತದ ಹೆಸರುಗಳು ನಾಲಗೆಗೆ ಬರಲಿಲ್ಲ, ಕಟ್ಟಿದ ಹೆಸರು ಬಂತು.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಒಂದು ವಿಷಯ ಹೇಳಲೇಬೇಕು. ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ, 1870ರ ದಶಕದಲ್ಲಿ, ಅದೇ ಲಾಲೋರಿ ಮನೆ ಸರ್ಕಾರಿ ಹೆಣ್ಣುಮಕ್ಕಳ ಶಾಲೆಯಾಗಿತ್ತು. ಕರಿಯರ ಮಕ್ಕಳು ಬಿಳಿಯರ ಮಕ್ಕಳು ಒಂದೇ ಬೆಂಚಿನಲ್ಲಿ. ಹೌದು, ಅದೇ ಮನೆಯಲ್ಲಿ. 1874ರ ಡಿಸೆಂಬರಿನಲ್ಲಿ ವೈಟ್ ಲೀಗ್ ಎಂಬ ಬಿಳಿಯರ ದಂಡು ಶಾಲೆಗೆ ನುಗ್ಗಿತು. ಮೈಯಲ್ಲಿ ಕರಿಯರ ರಕ್ತ ಇದೆ ಅಂತ ಅನುಮಾನ ಬಂದ ಹುಡುಗಿಯರನ್ನು ಎಬ್ಬಿಸಿ ಹೊರಗೆ ಕಳಿಸಿತು. ಜಾರ್ಜ್ ವಾಷಿಂಗ್ಟನ್ ಕೇಬಲ್ ಎಂಬ ಆ ಊರಿನ ಲೇಖಕ 1889ರ ತನ್ನ ಪುಸ್ತಕದಲ್ಲಿ ಲಾಲೋರಿಯ ಕಥೆಯ ಜೊತೆಗೇ ಇದನ್ನೂ ಬರೆದಿದ್ದಾನೆ. ಎರಡೂ ಒಂದೇ ಮನೆಯ ಕಥೆ ಅಂತ ಅವನಿಗೆ ಗೊತ್ತಿತ್ತು. ನಾವು ಕೇಳಿದ ನಡಿಗೆಗಳಲ್ಲಿ ಗೈಡು ಮೊದಲರ್ಧ ಎತ್ತಿಕೊಂಡ, ಎರಡನೆಯದನ್ನು ಬಿಟ್ಟ. ಅದರಲ್ಲಿ ದೆವ್ವ ಇಲ್ಲ. ಮನೆಗೆ ನಡೆದುಹೋದ ಹುಡುಗಿಯರಿದ್ದಾರೆ, ಕೈಯಲ್ಲಿ ಪುಸ್ತಕವಿದೆ, ಅಂಥವರ ಮೊಮ್ಮಕ್ಕಳು ಮರಿಮಕ್ಕಳು ಇವತ್ತೂ ಆ ಊರಲ್ಲಿ ಇದ್ದಾರು. ಬದುಕಿರುವವರು ಎದುರು ಮಾತಾಡುತ್ತಾರೆ, ಅದು ತೊಂದರೆ.

ಟೀಯಾ ಮೈಲ್ಸ್ ತಮ್ಮ ಪುಸ್ತಕ ಶುರು ಮಾಡುವುದು ಇನ್ನೊಂದು ಊರಿನಿಂದ, ಜಾರ್ಜಿಯಾ ರಾಜ್ಯದ ಸವಾನಾದಿಂದ. ಅಲ್ಲಿ ಸಾರೆಲ್-ವೀಡ್ ಎಂಬ ದೊಡ್ಡ ಮನೆ ಇದೆ. ಕಥೆ ಹೀಗೆ: ಯಜಮಾನ ಫ್ರಾನ್ಸಿಸ್ ಸಾರೆಲ್‌ಗೂ ಮಾಲಿ ಎಂಬ ಗುಲಾಮ ಹುಡುಗಿಗೂ ಸಂಬಂಧ ಇತ್ತು, ಹೆಂಡತಿ ಮಟಿಲ್ಡಾ ಕಂಡುಬಿಟ್ಟಳು, ಮೇಲಿಂದ ಹಾರಿ ಸತ್ತಳು, ಕೆಲವೇ ದಿನದಲ್ಲಿ ಮಾಲಿ ಗಾಡಿಮನೆಯಲ್ಲಿ ನೇಣಿನಲ್ಲಿ ಸಿಕ್ಕಳು. ಮಟಿಲ್ಡಾ 1860ರಲ್ಲಿ ಸತ್ತದ್ದು ನಿಜ. ಮಾಲಿ? ಮೈಲ್ಸ್ ಹುಡುಕಿದರು, ಅವಳು ಇದ್ದಳು ಅನ್ನುವುದಕ್ಕೆ ಒಂದು ಚೂರು ಕಾಗದ ಸಿಗಲಿಲ್ಲ. ಲೂಸಿಯಾನದ ಮರ್ಟಲ್ಸ್ ಎಂಬ ತೋಟದ ಮನೆಯ ಕ್ಲೋಯಿಯದೂ ಇದೇ ಕಥೆ. ಕಿವಿ ಕತ್ತರಿಸಿಕೊಂಡು, ಹಸಿರು ರುಮಾಲು ಸುತ್ತಿ, ಕೇಕಿಗೆ ಕಣಗಿಲೆ ಎಲೆ ಬೆರೆಸಿ ಯಜಮಾನನ ಹೆಂಡತಿ ಮಕ್ಕಳನ್ನು ಕೊಂದವಳು ಅಂತ ತೋರಿಸುತ್ತಾರೆ. ಅವಳ ದೆವ್ವದ ಫೋಟೋ ಅಂತ ಪೋಸ್ಟ್‌ಕಾರ್ಡೂ ಮಾರಿದ್ದಾರೆ. ಕಡತದಲ್ಲಿ ಕ್ಲೋಯಿ ಇಲ್ಲ. ಆ ತಾಯಿ ಮಕ್ಕಳು ಹೋದದ್ದು ಹಳದಿ ಜ್ವರದಲ್ಲಿ ಅಂತ ದಾಖಲೆ ನೋಡಿದವರು ಹೇಳುತ್ತಾರೆ.

ಇದ್ದ ಬೊನ್‌ಳನ್ನು ಬಿಟ್ಟು ಇಲ್ಲದ ಮಾಲಿಯನ್ನು ಯಾಕೆ ಹುಟ್ಟಿಸಬೇಕಾಯಿತು? ಮೈಲ್ಸ್ ಇಲ್ಲಿ ಒಂದು ಶಬ್ದದ ಮೇಲೆ ಬೆರಳಿಡುತ್ತಾರೆ. ಗೈಡು ಹೇಳುವ ಶಬ್ದ 'ಸಂಬಂಧ', 'ಪ್ರಣಯ'. ಯಾರ ಮೈ ಯಾರ ಆಸ್ತಿಯೋ, ಬೇಡ ಅನ್ನುವ ಹಕ್ಕು ಯಾರಿಗೆ ಕಾನೂನಿನಲ್ಲೇ ಇಲ್ಲವೋ ಅವಳಿಗೆ ಎಲ್ಲಿಯ ಪ್ರಣಯ? ನಮ್ಮ ಕನ್ನಡದಲ್ಲೂ ಇಂಥ ಒಂದು ಮಾತಿದೆ, 'ಇಟ್ಟುಕೊಂಡಿದ್ದ'. ಸಾಮಾನು ಇಟ್ಟುಕೊಂಡ ಹಾಗೆ. ಕನ್ನಡದ ಎಷ್ಟೋ ಕಾದಂಬರಿಗಳಲ್ಲಿ ಗೌಡ ಕೇರಿಯ ಹೆಣ್ಣನ್ನು ಇಟ್ಟುಕೊಂಡಿರುತ್ತಾನೆ. ಅವಳು ಒಪ್ಪಿದಳೋ ಇಲ್ಲವೋ ಅಂತ ಲೇಖಕ ಕೇಳಿರುವುದಿಲ್ಲ. ದೆವ್ವದ ಕಥೆಯಲ್ಲಿ ಹುಡುಗಿ ಸತ್ತಿರುವುದರಿಂದ ಅವಳನ್ನು ಕೇಳುವ ಪ್ರಶ್ನೆಯೇ ಏಳುವುದಿಲ್ಲ. ಬೊನ್‌ಳಿಗೆ ಕ್ರಯಪತ್ರ ಇದೆ, ಅದಕ್ಕೆ ಸಹಿ ಹಾಕಿದವನಿದ್ದಾನೆ, ದುಡ್ಡು ಎಣಿಸಿದವನಿದ್ದಾನೆ. ಮಾಲಿಗೆ ಅದ್ಯಾವುದೂ ಇಲ್ಲ. ಹೇಗೆ ಬೇಕಾದರೂ ತಿದ್ದಬಹುದು.

ಮೈಲ್ಸ್ ಪುಸ್ತಕ ಒಳ್ಳೆಯ ಪುಸ್ತಕ. ಸಿಟ್ಟಿದ್ದೂ ಕೂಗಾಡುವುದಿಲ್ಲ, ಪ್ರಮಾಣ ಕೊಟ್ಟು ಹೇಳುತ್ತದೆ. ತೆಳ್ಳಗಿದೆ ಬೇರೆ, ಯಾರಾದರೂ ಕನ್ನಡಕ್ಕೆ ತರಬೇಕು. ಆದರೆ ನಮ್ಮ ಹಸಿವು ಅಲ್ಲಿಗೆ ನಿಲ್ಲಲಿಲ್ಲ. ಗೈಡಿನ ದುಡಿಮೆಯ ಬಗ್ಗೆ, ಕಂಪನಿಯ ಲೆಕ್ಕಾಚಾರದ ಬಗ್ಗೆ ನಮಗೆ ಇನ್ನೂ ಬೇಕಿತ್ತು. ಕಥೆ ಕೆಟ್ಟದ್ದು ಕೆಟ್ಟ ಮನಸ್ಸಿನಿಂದ ಮಾತ್ರ ಅಲ್ಲ. ದಿನಾ ರಾತ್ರಿ ಒಂದೇ ಹೊತ್ತಿಗೆ, ಒಂದೇ ಉದ್ದದಲ್ಲಿ, ಕುಡಿದವರಿಗೂ ಮಕ್ಕಳಿಗೂ ಹಿಡಿಸುವಂತೆ ಕಥೆ ತಯಾರಾಗಬೇಕು ಅಂದಾಗ ಕಥೆಗೆ ಇದೇ ಗತಿ. ಮನುಷ್ಯ ಒಳ್ಳೆಯವನಿದ್ದರೂ ಮಗ್ಗ ನೇಯುವುದು ಅದೇ ಬಟ್ಟೆ. ಸವಾನಾದ ಹೊರವಲಯದ ಕುದುರೆ ಪಂದ್ಯದ ಮೈದಾನದಲ್ಲಿ 1859ರ ಮಾರ್ಚ್ 2 ಮತ್ತು 3ರಂದು, ಸುರಿಯುವ ಮಳೆಯಲ್ಲಿ, ಒಬ್ಬನೇ ಯಜಮಾನನ ತೋಟಗಳ ನಾಲ್ಕು ನೂರಕ್ಕೂ ಮಿಕ್ಕಿ ಜನರನ್ನು ಹರಾಜು ಹಾಕಿದರು. ಕರಿಯರು ಅದನ್ನು 'ಅಳುವಿನ ಕಾಲ' ಅನ್ನುತ್ತಾರೆ. ಅಲ್ಲಿ ನೆನಪಿನ ಫಲಕ ನಿಂತದ್ದು 2008ರಲ್ಲಿ. ಆ ಜಾಗ ಹಳೇ ಪೇಟೆಯ ಚೌಕಗಳಿಂದ ಮೈಲಿಗಟ್ಟಲೆ ಆಚೆ. ಕಾಲುನಡಿಗೆಯ ದಾರಿಗೆ ಬರುವುದಿಲ್ಲ. ಹೀಗೆ ಇತಿಹಾಸ ಎಷ್ಟು ಹೇಳಬೇಕು ಅನ್ನೋದನ್ನು ಪ್ರವಾಸಿಯ ಕಾಲುನೋವು ತೀರ್ಮಾನಿಸುತ್ತದೆ.

ದೆವ್ವದ ಮಾತು ಬಂದಾಗ ನಮ್ಮ ಕರಾವಳಿಯ ಗೆಳೆಯರು ಸುಮ್ಮನಿರುವುದಿಲ್ಲ. ಅವರ ದೈವಗಳನ್ನು ದೆವ್ವ ಅಂದರೆ ಸಿಟ್ಟಾಗುತ್ತಾರೆ, ಸರಿಯೇ. ಆದರೂ ಹೋಲಿಸಿ ನೋಡಬೇಕಾದ ಒಂದು ಸಂಗತಿ ಇದೆ. ತುಳುನಾಡಿನ ಪಾಡ್ದನಗಳಲ್ಲಿ ಅನ್ಯಾಯಕ್ಕೆ ಸಿಕ್ಕಿ ಮಾಯವಾದವರು ದೈವವಾಗಿ ಬರುತ್ತಾರೆ: ಕಾರ್ಕಳದ ಅರಸ ಕೈಕಾಲು ಕಡಿಸಿದ ಶಿಲ್ಪಿ ಕಲ್ಕುಡ, ಅಣ್ಣನಿಗಾದ ಅನ್ಯಾಯಕ್ಕೆ ಸೇಡು ತೀರಿಸಿದ ಕಲ್ಲುರ್ಟಿ, ಕೊರಗ ತನಿಯ. ಕೋಲದ ರಾತ್ರಿ ದೈವ ಗುತ್ತಿನ ಮನೆಯ ಅಂಗಳದಲ್ಲಿ ನಿಂತು ತಾನೇ ನುಡಿ ಕೊಡುತ್ತದೆ, 'ನಾನು' ಅನ್ನುತ್ತದೆ, ಯಜಮಾನ ಕೈ ಕಟ್ಟಿ ನಿಲ್ಲಬೇಕು. ಬೆಳಗಾದ ಮೇಲೆ ದೈವ ಕಟ್ಟಿದ ನಲಿಕೆಯವನೋ ಪರವನೋ ಪಂಬದನೋ ಮತ್ತೆ ತನ್ನ ಜಾತಿಗೆ ಇಳಿಯಬೇಕು, ಅದು ಬೇರೆ ಮಾತು, ಸಣ್ಣ ಮಾತಲ್ಲ. 2022ರ 'ಕಾಂತಾರ' ಚಿತ್ರದ ನಂತರ ದೈವದ ಕೂಗನ್ನು ಕಾಲೇಜು ಸ್ಟೇಜಿನ ಮೇಲೆ ಅಣಕಿಸಿದವರನ್ನೂ ಕಂಡಿದ್ದೇವೆ. ಆದರೆ ರಾಯಲ್ ಬೀದಿಯ ದೆವ್ವಕ್ಕೆ ಅಷ್ಟೂ ಇಲ್ಲ. ಅದಕ್ಕೆ 'ನಾನು' ಇಲ್ಲ. ಅದರ ಬಗ್ಗೆ ಇನ್ನೊಬ್ಬ ಹೇಳುತ್ತಾನೆ, ಯಜಮಾನನ ಮನೆಗೆ ಬೆನ್ನು ಮಾಡಿ, ಗಿರಾಕಿಗೆ ಮುಖ ಮಾಡಿ.

ಅದೇ ಊರುಗಳಲ್ಲಿ ಹಗಲು ಹೊತ್ತಿನಲ್ಲಿ ಕರಿಯ ಗೈಡುಗಳು ನಡೆಸುವ ಬೇರೆ ನಡಿಗೆಗಳೂ ಇವೆ. ಹರಾಜು ನಡೆದ ಮೂಲೆ, ಗುಲಾಮರನ್ನು ಕೂಡಿಹಾಕಿದ ದೊಡ್ಡಿ, ಭಾನುವಾರ ಸೇರಿ ಡೋಲು ಬಡಿದ ಬಯಲು, ಹೀಗೆ. ದೆವ್ವದ ನಡಿಗೆ ನಿಲ್ಲಿಸಿ ಅಂತ ನಾವು ಹೇಳುವುದಿಲ್ಲ. ಕತ್ತಲಲ್ಲಿ ಕಥೆ ಕೇಳುವ ಆಸೆ ಮನುಷ್ಯನದು. ರಾತ್ರಿಯ ಗೈಡು ಹಗಲಿನ ಗೈಡಿನ ಹಿಂದೆ ಒಂದು ದಿನ ನಡೆದು ಬರಲಿ ಅಂತ ಕೇಳಬಹುದಷ್ಟೆ.

ಸವಾನಾದಲ್ಲಿ ಅದಕ್ಕೆ ಒಂದು ಜಾಗ ಒದಗಿದೆ. ಅಲ್ಲೊಂದು ಚೌಕಕ್ಕೆ ಗುಲಾಮಗಿರಿಯನ್ನು ಒಳ್ಳೆಯದೆಂದು ವಾದಿಸಿದ ಜಾನ್ ಕಾಲ್ಹೂನ್ ಎಂಬ ರಾಜಕಾರಣಿಯ ಹೆಸರಿತ್ತು. ಗುಲಾಮರನ್ನು ಹೂಳುತ್ತಿದ್ದ ಜಾಗ ಆ ಭಾಗದಲ್ಲೇ ಇತ್ತು. ಕಾಲಡಿ ಎಲುಬುಗಳಿವೆ ಅನ್ನುವುದೇ ದೆವ್ವದ ಗೈಡುಗಳ ಬಂಡವಾಳ, ಅಲ್ಲಿ ಗುಂಪು ನಿಂತೇ ನಿಲ್ಲುತ್ತದೆ. ಜನ ಹೋರಾಡಿದರು, 2022ರಲ್ಲಿ ಆ ಹೆಸರು ಕಿತ್ತರು. 2023ರ ಆಗಸ್ಟಿನಲ್ಲಿ ಅದಕ್ಕೆ ಸೂಸಿ ಕಿಂಗ್ ಟೇಲರ್ ಹೆಸರಿಟ್ಟರು. 1848ರಲ್ಲಿ ಗುಲಾಮಳಾಗಿ ಹುಟ್ಟಿದವಳು. ಗುಲಾಮರಿಗೆ ಅಕ್ಷರ ಕಲಿಸುವುದು ಜಾರ್ಜಿಯಾದಲ್ಲಿ ಅಪರಾಧವಾಗಿದ್ದ ಕಾಲ. ಸವಾನಾದಲ್ಲಿ ಒಬ್ಬ ಕರಿಯ ಹೆಂಗಸಿನ ಮನೆಯಲ್ಲಿ ಗುಟ್ಟಾಗಿ ಕಲಿತಳು. 1862ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ತಪ್ಪಿಸಿಕೊಂಡು ಬಂದವರ ದ್ವೀಪದಲ್ಲಿ ಹಗಲು ಸುಮಾರು ನಲವತ್ತು ಮಕ್ಕಳಿಗೆ, ರಾತ್ರಿ ದೊಡ್ಡವರಿಗೆ ಪಾಠ ಹೇಳಿದಳು. ಕರಿಯ ಸೈನಿಕರ ಪಡೆಯ ಜೊತೆ ಬಟ್ಟೆ ಒಗೆದಳು, ಗಾಯ ತೊಳೆದಳು, ಓದು ಕಲಿಸಿದಳು, ಸಂಬಳ ಇಲ್ಲದೆ. 1902ರಲ್ಲಿ ತನ್ನ ಕಥೆಯನ್ನು ತಾನೇ ಬರೆದು ಅಚ್ಚು ಹಾಕಿಸಿದಳು.

ಆ ಪುಸ್ತಕದಲ್ಲಿ ತನ್ನ ಶಾಲೆಯ ಬಗ್ಗೆ ಆಕೆ ಬರೆದಿರುವುದನ್ನು ಗೈಡು ಆ ಚೌಕದಲ್ಲಿ ನಿಂತು ಹೇಳಬಹುದು, ಲಾಟೀನು ಇದ್ದರೂ ಇರಲಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮಕ್ಕಳು ಹೊರಡುತ್ತಿದ್ದರು. ಪೊಲೀಸರಿಗೂ ಬಿಳಿಯರಿಗೂ ಕಾಣಬಾರದು ಅಂತ ಪುಸ್ತಕಗಳಿಗೆ ಕಾಗದ ಸುತ್ತಿರುತ್ತಿದ್ದರು. ಅದೇ ಸವಾನಾದ ಬೀದಿಗಳಲ್ಲಿ, ಹಾಡುಹಗಲು.